ದೋಣಿ ಇಳಿಯದ ದಿನ

ಪಂಚನಹಳ್ಳಿಯ ಮಲ್ಲಿಕಾಂಬ ಸಮುದ್ರ ಕಂಡವಳಲ್ಲ. ಗಂಡ ಈರಭದ್ರಪ್ಪ ಮಾತ್ರ ರೇಡಿಯೋದಲ್ಲಿ ಕರಾವಳಿಯ ಹವಾಮಾನ ಕೇಳುತ್ತಿದ್ದ. ಮೀನುಗಾರರು ಕಡಲಿಗಿಳಿಯಬಾರದು ಎಂದರೆ ರಾಗಿ ಮೆದೆಗೆ ಟಾರ್ಪಾಲು ಹೊದಿಸುತ್ತಿದ್ದ. ಅವನು ಸತ್ತ ಮೇಲೆ, ಈ ಸಲ ಅವಳೊಬ್ಬಳೇ ರಾಗಿ ಬೆಳೆದಿದ್ದಳು. ಅದು ಮಳೆಗೆ ನೆನೆದರೆ ವರ್ಷದ ಊಟ ಹೋದಂತೆ.

ಬಸ್ಸಿನ ಚಕ್ರಕ್ಕೆ ಸಿಕ್ಕಿ ಕಾಳು ಉದುರಲೆಂದು ತೆನೆಯನ್ನು ರಸ್ತೆಗೆ ಹರಡುವ ಮುನ್ನ ರೇಡಿಯೋ ಹಾಕಿದಳು. ದೋಣಿ ಇಳಿಸಬೇಡಿ ಎಂದಿತು. ಟಾರ್ಪಾಲು ತಂದಳು.

"ನಮ್ಮೂರಲ್ಲಿ ಯಾವ ದೋಣಿ ಮುಳುಗ್ತದೆ ಕಣೇ?" ಎಂದು ಓರಗಿತ್ತಿ ಶಂಕರಮ್ಮ ನಕ್ಕಳು.

"ನಿಮ್ ಮೈದುನ ಇದ್ದಾಗ್ಲೂ ಹಿಂಗೇ ನಗ್ತಿದ್ರಿ. ಆ ತುದಿ ಹಿಡೀರಿ ಅಕ್ಕಾ."

ಸಂಜೆಯಾದರೂ ಹನಿ ಬೀಳಲಿಲ್ಲ.

"ಎಲ್ಲೇ ಮಳೆ?"

"ಬರದಿದ್ರೆ ಬೇಡ. ಕಡಲ ಕಡೆ ಹೆಂಗಸ್ರ ಗಂಡಂದ್ರು ಇವತ್ತು ಮನೇಲೇ ಅವ್ರೆ, ಅಷ್ಟು ಸಾಕು."

ಮರುದಿನ ರೇಡಿಯೋ ಕಡಲಿಗಿಳಿಯಬಹುದು ಎಂದಿತು. ಮಲ್ಲಿಕಾಂಬ ತೆನೆ ಹರಡಿ, ಬಸ್ಸಿಗೆ ಕಾದು ನಿಂತಳು.