ಬುರುಡೆಗೊಂದು ಗಂಟೆ

ಹಾಸಿಗೆ ಅಂಗಡಿಯಲ್ಲಿ ಅವನನ್ನು ಎಲ್ಲರೂ ಬುರುಡೆ ಎಂದೇ ಕರೆಯುತ್ತಿದ್ದರು. ಅವನ ಅಜ್ಜಿಗೆ ಬುರುಡೆ ಎಂದರೆ ತಲೆ. ಸ್ನಾನ ಮಾಡಿಸುವಾಗ "ಬುರುಡೆ ಬಗ್ಸೋ" ಎಂದು ಗದರುತ್ತಿದ್ದಳು. ಎದುರುಮನೆಯ ವೈರಿಂಗ್ ಮಾಮನಿಗೆ ಬುರುಡೆ ಎಂದರೆ ಬಲ್ಬು. ಅಂಗಡಿಯವರಿಗೋ, ಅವನ ಬಾಯಿಂದ ಹೊರಡುವ ಸಕಲವೂ ಬುರುಡೆ. ಅವನಿಗೆ ಇದರಲ್ಲಿ ಬೇಸರವೇನೂ ಇರಲಿಲ್ಲ. ಸ್ಪ್ರಿಂಗ್ ಹಾಸಿಗೆಯ ಸುಖದ ಬಗ್ಗೆ ದಿನವಿಡೀ ಉಪನ್ಯಾಸ ಬಿಗಿದು, ಸಂಜೆ ಬಾಡಿಗೆ ಕೋಣೆಗೆ ಹೋಗಿ ಚಾಪೆಯ ಮೇಲೆ ಬೀಳುವ ಮನುಷ್ಯ ಬೇಸರ ಮಾಡಿಕೊಳ್ಳುತ್ತ ಕೂತರೆ ಹೊಟ್ಟೆ ತುಂಬುತ್ತದೆಯೇ?

ಅಂಗಡಿಯ ಗಲ್ಲಾದ ಮೇಲೊಂದು ಹಿತ್ತಾಳೆಯ ಒತ್ತುಗಂಟೆ ಇತ್ತು. ಗೋದಾಮಿನವನನ್ನು ಕರೆಯಲೆಂದು ತಂದದ್ದು. ಆದರೆ ಅದು ಮೊಳಗಿದರೆ ಗೋದಾಮಿನವನು ಕೂತಲ್ಲಿಂದ ಅಲ್ಲಾಡುತ್ತಿರಲಿಲ್ಲ, ಏಕೆಂದರೆ ಯಾರೋ ಬುರುಡೆ ಬಿಟ್ಟಿದ್ದಾರೆ ಎಂದು ಅವನಿಗೆ ಗೊತ್ತು. ಬುರುಡೆ ಕೇಳಿದವರು ಗಂಟೆ ಒತ್ತಲೇಬೇಕು ಎಂಬುದು ಅಲ್ಲಿನ ಕಾನೂನು. "ದಾರೀಲಿದೀನಿ ಸಾರ್, ಬಂದೇಬಿಟ್ಟೆ" ಎಂದು ಹೊದಿಕೆಯೊಳಗಿಂದ ಹೇಳುವುದು ಓಳು. ಅದಕ್ಕೆ ಒಂದು ಟಿಣ್. ಸುತ್ತಿದಷ್ಟೂ ಮುಗಿಯದ್ದು ರೀಲು, ಎರಡು ಟಿಣ್. ಕೇಳುವವನು ಕತ್ತೆತ್ತಿ ಆಕಾಶ ನೋಡುವಂತೆ ಮಾಡಿದರೆ ಅದು ಕಾಗೆ ಹಾರಿಸಿದ್ದು. ಬೋಗಿಯ ಹಿಂದೆ ಬೋಗಿ ಬರುತ್ತಲೇ ಇದ್ದರೆ ರೈಲು. ಆಗ ಬೆರಳು ನೋಯುವವರೆಗೂ ಒತ್ತುತ್ತಿರಬೇಕು. ಯಾವುದು ಯಾವ ಜಾತಿಯೆಂದು ಜಗಳವಾದರೆ, ದುಡ್ಡು ಎಣಿಸುತ್ತ ಕೂರುವ ಗಲ್ಲಾ ಅಕ್ಕನ ತೀರ್ಪೇ ಕೊನೆ. ಗಿರಾಕಿಗೆ ಟೋಪಿ ಹಾಕಿದರೆ ಮಾತ್ರ ಗಂಟೆಯಿಲ್ಲ, ಅಕ್ಕನ ಬಾಯಿಂದ ನೇರ ಬೈಗುಳ.

ಒಂದು ದಿನ ದಿಂಬು ಕೊಳ್ಳಲು ಬಂದವಳು, ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದ ಹುಡುಗಿ. "ಈ ದಿಂಬಿಗೆ ತಲೆ ಇಟ್ರೆ ಕೆಟ್ಟ ಕನಸು ಬೀಳೋದೇ ಇಲ್ಲ ಮೇಡಂ" ಎಂದು ಇವನು ಶುರುಮಾಡಿದ. ಅವಳು ಅವನ ಬಾಯನ್ನೇ ನೋಡುತ್ತ, "ದಿನಾ ಎರಡು ಸಲ ಹಲ್ಲು ಉಜ್ತೀರಾ?" ಎಂದಳು.

"ತಪ್ಪದೇ."

"ಎಲ್ರೂ ಹಾಗೇ ಅಂತಾರೆ. ನಮ್ಮಲ್ಲಿ ಇಂಥ ಬುರುಡೆಗೆ ಉಜ್ಜೋದು ಅಂತೀವಿ."

ಗಲ್ಲಾ ಅಕ್ಕ ಆನಂದದಿಂದ ಗಂಟೆ ಒತ್ತಿದಳು. ಅಂಗಡಿಗೆ ಹೊಸ ಪದ ಬಂತು, ಇವನ ನಿದ್ದೆ ಹಾರಿಹೋಯಿತು. ಕೆಲವು ತಿಂಗಳಲ್ಲಿ ಮಾತು ಮದುವೆಯವರೆಗೆ ಬೆಳೆಯಿತು.

"ಶನಿವಾರ ಅಪ್ಪ ಅಂಗಡಿಗೇ ಬರ್ತಾರಂತೆ, ನಿನ್ನ ನೋಡೋಕೆ" ಎಂದಳು ಅವಳು. "ಬುರುಡೆ ಬಿಡೋರನ್ನ ಕಂಡ್ರೆ ಅವರಿಗಾಗಲ್ಲ. ಒಂದೇ ಒಂದು ಓಳು ಬಿಟ್ರೂ ನನ್ನ ಕಥೆ ಮುಗೀತು. ನಿಂದೂ."

ಶನಿವಾರ ಅವನು ಇಸ್ತ್ರಿಯಾದ ಅಂಗಿಯಲ್ಲಿ, ಹಲ್ಲುಕಚ್ಚಿಕೊಂಡು, ಸತ್ಯವಂತನಾಗಿ ನಿಂತ. ಕ್ರೇನು ಓಡಿಸಿ ನಿವೃತ್ತನಾಗಿದ್ದ ಅವಳಪ್ಪ ಒಳಗೆ ಬಂದು, ಅತಿ ದುಬಾರಿ ಹಾಸಿಗೆಯನ್ನೇ ಆರಿಸಿ, ಅದರ ಮೇಲೆ ಕುಳಿತ. ಮಗಳು ಪಕ್ಕದಲ್ಲಿ ಉಗುರು ಕಚ್ಚುತ್ತಿದ್ದಳು.

"ಮ್ಯಾನೇಜರ್ರಾ ನೀನು?"

"ಅಲ್ಲ ಸಾರ್. ಸೇಲ್ಸು. ಮ್ಯಾನೇಜರ್ ಆಗೋ ಲಕ್ಷಣಾನೂ ಸದ್ಯಕ್ಕಿಲ್ಲ."

ಅಷ್ಟರಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು, ಮೂಲೆಯ ಹಾಸಿಗೆ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳಿತು. ನಿಮ್ಮ ಮೊಮ್ಮಕ್ಕಳೂ ಇದರ ಮೇಲೇ ಮಲಗುತ್ತಾರೆ ಎಂಬ ಎಂದಿನ ಉತ್ತರ ನಾಲಿಗೆಯ ತುದಿಗೆ ಬಂದು ಕುಣಿಯಿತು. ಅದನ್ನು ನುಂಗಿ, "ನಾಲ್ಕು ವರ್ಷ. ಆಮೇಲೆ ನಡುವೆ ಹಳ್ಳ ಬೀಳುತ್ತೆ. ಇಬ್ರು ಮಲಗಿದ್ರೆ ಇಬ್ರೂ ಉರುಳಿ ಹಳ್ಳಕ್ಕೇ ಬರ್ತೀರ" ಎಂದ. ಜೋಡಿ ಮುಖಮುಖ ನೋಡಿಕೊಂಡು, "ಇದನ್ನೇ ಪ್ಯಾಕ್ ಮಾಡಿ" ಎಂದಿತು.

ಸತ್ಯಕ್ಕೂ ಮಾರುಕಟ್ಟೆ ಇದೆಯಲ್ಲ ಎಂದು ಅವನ ಬುರುಡೆಯೊಳಗೆ ದೀಪ ಹತ್ತಿತು. ಆ ಹುರುಪಿನಲ್ಲೇ ಗಲ್ಲಾಕ್ಕೆ ಒರಗಿ, ಭಾವಿ ಮಾವನನ್ನು ಕ್ರೇನಿನ ಕೆಲಸದ ಬಗ್ಗೆ ಕೇಳಿದ.

"ಅಯ್ಯೋ, ಅದೇನು ಕೇಳ್ತೀಯ! ಒಂದ್ಸಲ ಆಕಾಶದೆತ್ತರದಲ್ಲಿ ಕ್ರೇನ್ ಕೆಟ್ಟು ನಿಂತ್ಬಿಡ್ತು. ನಾನು ಮೇಲೆ, ಊಟದ ಡಬ್ಬಿ ಕೆಳಗೆ. ಅಷ್ಟೊತ್ತಿಗೆ ಒಂದು ಹದ್ದು ಬಂತು ನೋಡು."

"ಹದ್ದು," ಎಂದ ಇವನು, ಬೆವರುತ್ತ.

"ಡಬ್ಬಿ ಕಚ್ಕೊಂಡು ಬಂದು ಕೈಗೆ ಕೊಡ್ತು. ಒಂದಗುಳು ಚೆಲ್ಲಿಲ್ಲ! ಸಂಜೆ ಖಾಲಿ ಡಬ್ಬಿ ಇಳಿಸೋಕೂ ಅದೇ ಬಂತು. ಜೊತೆಗೆ ಹೆಂಡ್ತಿ ಹದ್ದನ್ನೂ ಕರ್ಕೊಂಡು, ನನ್ನ ಪರಿಚಯ ಮಾಡಿಸೋಕೆ."

ಬೋಗಿಯ ಮೇಲೆ ಬೋಗಿ. ಅವನು ಏನನ್ನೂ ಯೋಚಿಸಲಿಲ್ಲ. ಬಲಗೈ ತಾನಾಗಿಯೇ ಮೇಲೆದ್ದು, ತಾನಾಗಿಯೇ ಗಂಟೆಯ ಮೇಲಿಳಿಯಿತು. ಟಿಣ್ ಟಿಣ್ ಟಿಣ್ ಟಿಣ್ ಟಿಣ್. ನಿಲ್ಲಿಸಬೇಕೆಂದು ಹೊಳೆದಾಗ ಅಂಗಡಿಗೆ ಅಂಗಡಿಯೇ ಅವನ ಕಡೆ ತಿರುಗಿತ್ತು. ಗಲ್ಲಾ ಅಕ್ಕ ಮೇಜಿನ ಕೆಳಗೆ ಬೀಳದ ಪೆನ್ನನ್ನು ಹುಡುಕುತ್ತಿದ್ದಳು.

"ಏನದು?" ಎಂದ ಅವಳಪ್ಪ.

ಗೋದಾಮಿನವನನ್ನು ಕರೆದೆ ಎಂದರೆ ಆಗಿತ್ತು. ಆದರೆ ಅದು ಶುದ್ಧ ಓಳು. ಹುಡುಗಿಯ ಕಡೆ ನೋಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹೋದರೆ ಹೋಗಲಿ ಎಂದು ಅವನು ಓಳಿನಿಂದ ಉಜ್ಜೋದರವರೆಗೆ ಇಡೀ ಶಾಸ್ತ್ರವನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ.

ಅವಳಪ್ಪ ಎದ್ದು ಬಂದು ಗಂಟೆಯ ಮೇಲೆ ಬಗ್ಗಿದ. "ಹಾಗಾದ್ರೆ ನಂದು?"

"ರೈಲು, ಸಾರ್. ಕ್ಷಮಿಸಿ."

"ಗೂಡ್ಸೋ, ಪ್ಯಾಸೆಂಜರ್ರೋ?"

ಮೇಜಿನ ಕೆಳಗಿಂದ ಅಕ್ಕನ ತೀರ್ಪು ಬಂತು: "ಎಕ್ಸ್‌ಪ್ರೆಸ್ಸು! ಹೆಂಡ್ತಿ ಹದ್ದು ಹತ್ತಿದ್ಮೇಲೆ ಇನ್ನೇನು!"

ಅವಳಪ್ಪನ ಮುಖ ಅರಳಿತು. "ನೋಡಮ್ಮ, ಮನೇಲಿ ಜೀವಮಾನವೆಲ್ಲ ಹೇಳಿದೀನಿ, ಒಬ್ರಾದ್ರೂ ಒಂದು ಚಪ್ಪಾಳೆ ತಟ್ಟಿದೀರಾ? ಇಲ್ಲಿ ಗಂಟೆ ಹೊಡೀತಾರೆ!"

"ಮತ್ತೆ ಬುರುಡೆಯೋರನ್ನ ಕಂಡ್ರೆ ಇವರಿಗಾಗಲ್ಲ ಅಂದೆ?" ಎಂದು ಇವನು ಹುಡುಗಿಯ ಕಿವಿಯಲ್ಲಿ ಉಸುರಿದ.

"ಆಗಲ್ಲ. ಅಪ್ಪನ ಬುರುಡೆಗೆ ನಡುವೆ ಬಾಯಿ ಹಾಕ್ತಾರೆ ಅಂತ" ಎಂದಳು ಅವಳು, ನಗು ತಡೆಯಲಾಗದೆ ದಿಂಬಿಗೆ ಮುಖ ಒತ್ತಿಕೊಂಡು.

ಭಾನುವಾರ ಊಟಕ್ಕೆ ಕರೆ ಬಂತು, ಗಂಟೆಯ ಸಮೇತ ಬಾ ಎಂದು. ಅವತ್ತು ಹದ್ದಿನ ಕಥೆಗೆ ಹದ್ದಿನ ಮರಿಗಳೂ ಸೇರಿದವು, ಇವನು ಹಾಸಿಗೆಯದೊಂದು ರೀಲು ಸುತ್ತಿದ, ಅವಳಮ್ಮ ಎರಡೂ ಕಡೆ ಟಿಣ್ಣೆನ್ನಿಸಿ ಟಿಣ್ಣೆನ್ನಿಸಿ ಊಟ ಮಾಡುವುದನ್ನೇ ಮರೆತರು. ಹೊರಡುವಾಗ ಇವನು ಕೈ ಚಾಚಿದರೆ, ಆಕೆ ಗಂಟೆಯನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದರು.

"ಇದು ಇಲ್ಲೇ ಇರ್ಲಿ ಬಿಡಪ್ಪ" ಎಂದರು. "ಹೇಗೂ ನೀನು ಈ ಮನೆಗೇ ಬರ್ತೀಯಲ್ಲ."