ಎರಡು ಸೆಕೆಂಡಿನ ಬಾಗಿಲು

ಮೂರನೇ ಮಹಡಿಯ ಆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ದೂರಿನಕ್ಕ ಎಂದು. ಮಾಲೀಕರೂ ಹಾಗೇ ಕರೆಯುತ್ತಾರೆ. ಏಳು ವರ್ಷದಿಂದ ಅವಳದು ಒಂದೇ ಕೆಲಸ: ಜನ ಬೈದು ಬರೆದದ್ದನ್ನು ಓದುವುದು, ಮೆತ್ತಗೆ ಉತ್ತರ ಬರೆಯುವುದು. ಆಫೀಸಿನವರು ಮಾಡುವುದು ವಿಪಿಎನ್ ಆಪ್. ನೀವು ಯಾವ ಊರಲ್ಲಿ ಕೂತು ಇಂಟರ್ನೆಟ್ ನೋಡುತ್ತಿದ್ದೀರಿ ಎಂದು ಹೊರಗಿನವರಿಗೆ ಕಾಣದ ಹಾಗೆ, ನಿಮ್ಮ ವಿಳಾಸದ ಜಾಗದಲ್ಲಿ ತನ್ನ ವಿಳಾಸ ತೋರಿಸುವ ಆಪ್. ಇದನ್ನು ತಾಯಿಗೆ ಹತ್ತು ಸಲ ಬಿಡಿಸಿ ಹೇಳಿದ್ದಾಳೆ. "ಅಂದ್ರೆ ಬಚ್ಚಿಟ್ಕೊಳ್ಳೋರಿಗೆ ಸಹಾಯ ಮಾಡ್ತೀಯ. ಯಾರಿಗೆ, ಕಳ್ಳರಿಗಾ?" ಎಂದು ತಾಯಿ ಕೇಳಿದ್ದೂ ಹತ್ತು ಸಲ.

ಗಂಡ ತೀರಿಕೊಂಡ ಮೂರನೇ ವಾರಕ್ಕೇ ಅವಳು ಕುರ್ಚಿಗೆ ಬಂದು ಕೂತಿದ್ದಳು. ಯಾರೋ ಪುಣ್ಯಾತ್ಮ "ನಿಮ್ಮಂಥ ದಂಡಪಿಂಡಗಳನ್ನ ಕೆಲಸಕ್ಕೆ ಇಟ್ಟೋರು ಯಾರು" ಎಂದು ಬರೆದಿದ್ದ. "ತಮಗಾದ ತೊಂದರೆಗೆ ವಿಷಾದವಿದೆ" ಎಂದು ಟೈಪ್ ಮಾಡಿದಳು. ಅವತ್ತಿನಿಂದ ಅವಳ ಒಳಗೂ ಹೊರಗೂ ಅದೇ ದನಿ. ಸುಖವೂ ಇಲ್ಲ, ಸಂಕಟವೂ ಇಲ್ಲ. ಜನ ಅದನ್ನು ತಾಳ್ಮೆ ಎಂದುಕೊಂಡರು.

ಆಪಿನಲ್ಲಿ ಒಂದು ಸ್ವಿಚ್ಚಿತ್ತು. ಆಫೀಸಿನವರು ಅದಕ್ಕೆ ಬಾಗಿಲು ಎನ್ನುತ್ತಿದ್ದರು. ವಿಪಿಎನ್ ಕಡಿದುಹೋದ ಕ್ಷಣವೇ ಬಾಗಿಲು ಮುಚ್ಚಿಕೊಳ್ಳುತ್ತದೆ, ಮತ್ತೆ ಕೂಡಿಕೊಳ್ಳುವ ತನಕ ಫೋನಿಗೆ ಇಂಟರ್ನೆಟ್ಟೇ ಇಲ್ಲ. ನಿಜವಾದ ವಿಳಾಸ ಹೊರಗೆ ಇಣುಕಬಾರದಲ್ಲ, ಅದಕ್ಕೆ. ಜನಕ್ಕೆ ಇದನ್ನು ಕಂಡರೆ ಮೈಯೆಲ್ಲಾ ಉರಿ. ಮಾತಿನ ಮಧ್ಯೆ ಕರೆ ಕಟ್ಟಾಯಿತು, ಮ್ಯಾಚಿನ ಕೊನೇ ಓವರ್ ತಪ್ಪಿತು, ಹಾಳಾಗಿ ಹೋಗಿ. ಅಕ್ಕ ಒಂದು ತಿಂಗಳ ದೂರನ್ನೆಲ್ಲ ಗುಡ್ಡೆ ಹಾಕಿ ಎಣಿಸಿದಳು. ಆರುನೂರರಲ್ಲಿ ನಾನೂರು ಬಾಗಿಲಿನದೇ.

ಆಪ್ ಬರೆಯುವ ಹುಡುಗನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಏನು ಕೇಳಿದರೂ ಪಾಠ ಶುರು ಮಾಡುವ ಆಸಾಮಿ.

"ಮೇಷ್ಟ್ರೇ, ಬಾಗಿಲು ತೆರೆದೇ ಇರಲಿ. ಬೇಕಾದೋರು ಹಾಕ್ಕೊಳ್ತಾರೆ."

"ಹಂಗಲ್ಲ ಅಕ್ಕಾ. ಕಡಿದಾಗ ಎರಡು ಸೆಕೆಂಡಾದ್ರೂ ವಿಳಾಸ ಕಾಣುತ್ತೆ."

"ಎರಡು ಸೆಕೆಂಡಲ್ಲಿ ಯಾರಪ್ಪಾ ಕಾದು ಕೂತಿರ್ತಾರೆ?"

ಮಾಲೀಕರು ಅಕ್ಕನ ಮಾತೇ ಸರಿ ಎಂದರು. ಹೊಸ ಆಪ್ ಬಂತು, ದೂರು ಅರ್ಧಕ್ಕರ್ಧ ಇಳಿಯಿತು. ಮೀಟಿಂಗಿನಲ್ಲಿ ಅವಳಿಗೆ ಚಪ್ಪಾಳೆ ತಟ್ಟಿದರು. ಬಾಗಿಲಿನಿಂದ ಬದುಕಿಕೊಂಡವರು ದೂರು ಬರೆಯುವುದಿಲ್ಲ ಎನ್ನುವುದು ಏಳು ವರ್ಷ ದೂರನ್ನೇ ಓದಿದವಳಿಗೆ ಹೊಳೆಯಲೇ ಇಲ್ಲ ನೋಡಿ!

ಒಂದು ಸೋಮವಾರ ಬೆಳಗ್ಗೆ ಅವಳು ತೆರೆದ ಮೊದಲ ಪತ್ರ ಶನಿವಾರ ಸಂಜೆ ಬಂದದ್ದು. ಬರೆದವಳೊಬ್ಬ ಹೆಂಗಸು, ಹೆಸರಿಲ್ಲ. ಹೊಡೆಯುವ ಗಂಡನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಬಂದಿದ್ದಳು. ಮಗಳ ಶಾಲೆಯ ಕಾಗದ ಹಳೇ ಇಮೇಲಿನಲ್ಲಿತ್ತು. ಅದರ ಪಾಸ್‌ವರ್ಡು ಗಂಡನಿಗೂ ಗೊತ್ತು. ಯಾರು ಎಲ್ಲಿಂದ ತೆರೆದರು ಎನ್ನುವುದೂ ಅದರಲ್ಲಿ ದಾಖಲಾಗುತ್ತದೆ. ಆಪ್ ಹಾಕಿಕೊಂಡೇ ತೆರೆದಳು. ನಡುವೆ ಕಡಿದುಹೋಯಿತು. "ನಿಮ್ಮದು ಮುಚ್ಚಿಕೊಳ್ಳುತ್ತೆ ಅಂತ ನಂಬಿದ್ದೆ. ಈ ಊರಿನ ಹೆಸರು ಬರೆದು, ಬರ್ತಿದ್ದೀನಿ ಅಂತ ಕಳಿಸಿದ್ದಾನೆ. ಈಗ ಏನು ಮಾಡಲಿ ಹೇಳಿ?"

ಎರಡು ರಾತ್ರಿ, ಒಂದು ಹಗಲು ಆ ಪ್ರಶ್ನೆ ಬೀಗ ಹಾಕಿದ ಆಫೀಸಿನಲ್ಲಿ ಬಿದ್ದಿತ್ತು. ಅಕ್ಕ ಉತ್ತರ ಬರೆದಳು. ತಕ್ಷಣ ಮನೆ ಬಿಡಿ, ಪೊಲೀಸರಿಗೆ ತಿಳಿಸಿ, ಸಹಾಯವಾಣಿಯ ನಂಬರ್ ಇದು, ತಪ್ಪು ನಮ್ಮದು. ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡಿದಳು, ಪೂರ್ತಿ ತಿಂದಳು. ತಿಂದೆನಲ್ಲಾ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು. ಅದೂ ತೆಳ್ಳಗೆ, ಬೇರೆಯವರ ಅಸಹ್ಯದ ಹಾಗೆ.

ಮರುಪತ್ರ ಬರಲಿಲ್ಲ.

"ಎಲ್ಲಿಂದ ಬರೆದ್ಲು ಅಂತ ತೆಗೆಯಕ್ಕಾಗುತ್ತಾ ಮೇಷ್ಟ್ರೇ?"

"ನಾವು ಯಾರ ವಿಳಾಸಾನೂ ಇಟ್ಕೊಳ್ಳಲ್ವಲ್ಲ ಅಕ್ಕಾ." ಅವತ್ತು ಮೇಷ್ಟ್ರು ಪಾಠ ಮಾಡಲಿಲ್ಲ.

ಅವಳು ಮಾಲೀಕರ ಮುಂದೆ ಹೋಗಿ, ತಾನೇ ತೆಗೆಸಿದ ಬಾಗಿಲನ್ನು ತಾನೇ ಹಾಕಿಸಿದಳು. ಬರಿದೇ ಹಾಕಿಸಲಿಲ್ಲ. ಆಪ್ ಮೊದಲ ಸಲ ತೆರೆದಾಗ, 'ನೀವಿರುವ ಜಾಗ ಯಾರಿಗಾದರೂ ತಿಳಿದರೆ ಅಪಾಯವಿದೆಯೇ?' ಎಂದು ಕೇಳಬೇಕು. ಇಲ್ಲ ಎಂದವರಿಗೆ ಮಾತ್ರ ತೆರೆದಿರಬೇಕು. ಉತ್ತರಿಸದೆ ಮುಂದೆ ಹೋದವರಿಗೆ ಮುಚ್ಚಿಯೇ ಇರಬೇಕು. ಮಾಲೀಕರು ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದರು. ಬೈಗುಳ ಮತ್ತೆ ಏರಿತು. ಒಂದೊಂದಕ್ಕೂ ಅವಳೇ ಉತ್ತರ ಬರೆದಳು.

ಬಂದ ಪತ್ರವೆಲ್ಲ ಮೂವತ್ತು ದಿನಕ್ಕೆ ತಾನಾಗಿ ಅಳಿಸಿಹೋಗುವುದು ಆಫೀಸಿನ ನಿಯಮ, ಆಪ್ ಬಳಸುವವರಿಗೆ ಕೊಟ್ಟ ಮಾತು ಕೂಡ. ಇಪ್ಪತ್ತೊಂಬತ್ತನೇ ದಿನ ಮೇಷ್ಟ್ರು ಅವಳ ಕುರ್ಚಿಯ ಪಕ್ಕ ಬಂದು ನಿಂತರು. "ಅದೊಂದನ್ನ ಉಳಿಸಿಬಿಡ್ಲಾ ಅಕ್ಕಾ? ಯಾರಿಗೂ ಗೊತ್ತಾಗಲ್ಲ."

ಬೇಕು ಎನ್ನಲು ಅವಳ ಬಾಯಿ ತೆರೆಯಿತು. ಆ ಅಕ್ಷರಗಳನ್ನು ಬಿಟ್ಟರೆ ಆ ಹೆಂಗಸಿನದೆನ್ನುವುದು ಅವಳ ಹತ್ತಿರ ಇನ್ನೇನೂ ಇರಲಿಲ್ಲ.

"ಬೇಡ ಕಣಪ್ಪಾ. ಉಳಿಸಲ್ಲ ಅಂತ ಅವಳಿಗೆ ಮಾತು ಕೊಟ್ಟಿದೀವಿ. ಇದನ್ನಾದ್ರೂ ನಡೆಸೋಣ."

ಮರುದಿನ ಆ ಪತ್ರ ಪರದೆಯಲ್ಲಿ ಇರಲಿಲ್ಲ. ಸಂಜೆ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ತಾಯಿಯ ಮುಂದೆ ಎಲ್ಲ ಹೇಳಿದಳು. "ಅವಳು ಇದಾಳೋ ಇಲ್ವೋ ನಂಗೆ ಯಾವತ್ತೂ ಗೊತ್ತಾಗಲ್ಲ ಅಮ್ಮಾ. ಎಷ್ಟು ಹುಡುಕಿದ್ರೂ ಸಿಗಲ್ಲ."

ತಾಯಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೈ ನಿಲ್ಲಿಸಿದಳು.

"ಅವನಿಗೂ ಸಿಗದೇ ಇರ್ಲಿ ಅನ್ನು."

ದೂರಿನಕ್ಕ ಹೊಸಿಲ ಮೇಲೇ ಕುಸಿದು ಕೂತು ಅತ್ತಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.