ಮಾವ ಬಿಚ್ಚಿದ ಕೊನೆಯ ಗಾಡಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದ ಕಾಲವೂ ಇತ್ತು. ಜಕ್ಕೂರಿನ ಹಳೇ ಊರಿನ ಒಂದು ತಗಡಿನ ಶೆಡ್ಡಿನ ಮುಂದೆ ಆಡಿದ ಒಂದು ಮಾತು ಆ ಹೆಮ್ಮೆಯನ್ನು ಇಳಿಸಿತು.

ಆ ಶೆಡ್ಡು ಮಾವನದು. ರಕ್ತಸಂಬಂಧವೇನಲ್ಲ, ಊರ ವರಸೆ. ನಮ್ಮಪ್ಪ ಅವರನ್ನು ಬಾವ ಎನ್ನುತ್ತಿದ್ದುದರಿಂದ ನನಗೆ ಮಾವ. ನಮ್ಮದು ಕೆರೆಯ ಆಚೆಗೆ ಒಂದು ನರ್ಸರಿ. ಗಿಡ, ಕುಂಡ, ಕೆಮ್ಮಣ್ಣನ್ನು ಅಪಾರ್ಟ್‌ಮೆಂಟುಗಳಿಗೆ ಸಾಗಿಸುವ ಡೀಸೆಲ್ ಪಿಕಪ್ಪು ಅಪ್ಪ ಕೊಂಡದ್ದು. ಅಪ್ಪ ಹೋದ ಮೇಲೂ ಅದು ಓಡುತ್ತಿದ್ದದ್ದು ಮಾವನಿಂದ. ಅವರದು ಕೈಗಿಂತ ಮೊದಲು ಕಿವಿ ಕೆಲಸ ಮಾಡುವ ರಿಪೇರಿ. ನೆತ್ತಿಯ ಮೇಲೆ ಪಕ್ಕದ ಏರೋಡ್ರೋಮಿನ ಪುಟ್ಟ ವಿಮಾನ ಹೋದರೂ ಸ್ಪ್ಯಾನರ್ ಹಿಡಿದ ಕೈ ನಿಲ್ಲಿಸಿ ಕೇಳುತ್ತಿದ್ದರು. "ಯಾಕೋ ಇವನಿಗೆ ನೆಗಡಿ" ಎಂದು ವಿಮಾನಕ್ಕೂ ಕಾಯಿಲೆ ಹೇಳುತ್ತಿದ್ದರು. ವಿಮಾನ ತನ್ನ ಪಾಡಿಗೆ ತಾನು ಹೋಗುತ್ತಿತ್ತು, ನಾವು ನಗುತ್ತಿದ್ದೆವು.

ಕಳೆದ ವರ್ಷ ಅವರ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಆಮೇಲೆ ಶೆಡ್ಡಿಗೆ ಗಾಡಿಗಳು ಬರುವುದು ಕಡಿಮೆಯಾಯಿತು. ಜನ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಗಾಡಿಯನ್ನು ಬೇರೆ ಕಡೆ ತಿರುಗಿಸಿಕೊಂಡರು ಅಷ್ಟೆ. ಅದೇ ಹೊತ್ತಿಗೆ ನಮ್ಮ ಪಿಕಪ್ಪು ಹೆಬ್ಬಾಳದ ಫ್ಲೈಓವರ್ ಮೇಲೆ ರೇಡಿಯೇಟರಿನ ನೀರು ಕುದಿದು ನಿಂತಿತು. ಎಂಜಿನ್ ಬಿಚ್ಚಲೇಬೇಕಿತ್ತು. ಮಾವನ ಹತ್ತಿರವೇ ಒಯ್ದೆ. ಅವರು ಬಾನೆಟ್ ಮೇಲೆ ಕೈಯಿಟ್ಟರು.

"ನಿಮ್ಮಪ್ಪನ ಗಾಡಿ ಅಂತ ಕೈ ಆಕ್ತೀನಿ ಕಣಪ್ಪ. ಇದು ಓಡಿದ್ರೆ ಇನ್ನೊಂದೆರಡು ವರ್ಸ ಶೆಡ್ಡು ನಡಸ್ತೀನಿ. ಓಡಲಿಲ್ಲ ಅಂದ್ರೆ ನನ್ ಕೈ ಓಯ್ತು ಅಂತ ತಿಳ್ಕೊಂಡು ಸುಮ್ನಾಗ್ತೀನಿ."

ಎಂಟು ದಿನ ಕೂತು ಮಾಡಿದರು. ಎಂಜಿನ್ನಿನೊಳಗಿನ ಹಲ್ಲುಚಕ್ರಗಳ ಮೇಲೆ ಸಣ್ಣ ಗೀರುಗಳಿರುತ್ತವೆ, ಒಂದರ ಎದುರು ಒಂದು ಸರಿಯಾಗಿ ಕೂಡಬೇಕು. ಒಂದು ಹಲ್ಲು ಆಚೆ ಈಚೆ ಆದರೂ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಆ ಗೀರನ್ನು ಭೂತಗನ್ನಡಿ ಹಿಡಿದು ನೋಡಿ, ಉಗುರಿನಿಂದ ಸವರಿ, ಮತ್ತೆ ಮತ್ತೆ ಖಾತ್ರಿ ಮಾಡಿಕೊಂಡರು.

ಅವರದೊಂದು ಕಟ್ಟಳೆ ಇತ್ತು. ಬಿಚ್ಚಿ ಕಟ್ಟಿದ ಎಂಜಿನ್ನಿಗೆ ಮೊದಲ ಕೀಲಿಯನ್ನು ಅವರು ತಿರುಗಿಸುತ್ತಿರಲಿಲ್ಲ. ಗಾಡಿ ತೊಳೆದು, ಪೂಜೆ ಮಾಡಿ, ಗಾಲಿಗೆ ನಿಂಬೆಹಣ್ಣಿಟ್ಟ ಮೇಲೆ ಗಾಡಿಯ ಯಜಮಾನನೇ ತಿರುಗಿಸಬೇಕು. "ಎರಿಗೆ ಮಾಡ್ಸೋದು ನಾನು, ತೊಟ್ಲು ತೂಗೋದು ನೀವು" ಎನ್ನುತ್ತಿದ್ದರು.

ಆ ಬೆಳಿಗ್ಗೆ ಅವರು ಸ್ನಾನಕ್ಕೆಂದು ಮನೆಗೆ ಹೋಗಿದ್ದಾಗ ನಾನು ಪೈಪು ಹಿಡಿದು ಗಾಡಿ ತೊಳೆದೆ. ಎಂಜಿನ್ ತೊಳೆಯುವಾಗ ಗಾಳಿ ಎಳೆಯುವ ಕೊಳವೆಯ ಬಾಯಿಗೆ ಬಟ್ಟೆ ತುರುಕಬೇಕು, ಇಲ್ಲವಾದರೆ ನೀರು ಒಳಗೆ ಹೋಗುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದರು. ಅಪ್ಪನದೇ ಹಳೇ ಟವೆಲಿನ ತುಂಡೊಂದನ್ನು ತುರುಕಿದೆ. ತೊಳೆದೆ, ಒರೆಸಿದೆ, ಕುಂಕುಮ ಹಚ್ಚಿದೆ, ಸೇವಂತಿಗೆ ಹಾರ ಹಾಕಿದೆ. ಬಟ್ಟೆ ತೆಗೆಯುವುದನ್ನು ಮರೆತೆ.

ಮಾವ ಒಗೆದ ಬಿಳಿ ಅಂಗಿ ಹಾಕಿಕೊಂಡು, ಅತ್ತೆಯನ್ನೂ ಕರೆದುಕೊಂಡು ಬಂದರು. ಕಾಯಿ ಒಡೆದು ಕೀಲಿ ತಿರುಗಿಸಿದೆ. ಎಂಜಿನ್ ಗರಗರ ತಿರುಗಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಒಂದಿಷ್ಟು ಹೊಗೆ ಬಂತು ಅಷ್ಟೆ. ನಿಂಬೆಹಣ್ಣು ಗಾಲಿಯ ಕೆಳಗೆ ಹಾಗೇ ಕೂತಿತ್ತು.

ಮಾವ ಪೈಪಿನ ನಟ್ಟು ಸಡಿಲಿಸಿ ನೋಡಿದರು, ಡೀಸೆಲ್ ಬರುತ್ತಿತ್ತು. ಬೇರೆ ಬ್ಯಾಟರಿ ಹಾಕಿ ನೋಡಿದರು. ಗಾಳಿಯ ಕೊಳವೆ ಬಂದು ಸೇರುವ ಏರ್ ಫಿಲ್ಟರಿನ ಡಬ್ಬಿಯ ಮೇಲೆ ಕೈಯಿಟ್ಟವರು, "ಇದು ನಿನ್ನೆ ನಾನೇ ಒಸದು ಆಕಿದ್ದು" ಎಂದು ಕೈ ತೆಗೆದರು. ಅದೊಂದನ್ನು ಬಿಚ್ಚಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರ ಅನುಮಾನ ಇದ್ದದ್ದು ಗಾಡಿಯ ಮೇಲಲ್ಲ, ತಮ್ಮ ಕಣ್ಣಿನ ಮೇಲೆ. ಗೀರು ತಪ್ಪಿರಬೇಕು ಎಂದು ಎಂಜಿನ್ನಿನ ಮುಂಭಾಗವನ್ನೆಲ್ಲ ಮತ್ತೆ ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಬಿಳಿ ಅಂಗಿ ಮಸಿಯಾಗಿತ್ತು. ಒಳಗೆ ಬಗ್ಗಿ ತುಂಬ ಹೊತ್ತು ನೋಡಿ ಕೊನೆಗೆ ನನ್ನನ್ನು ಕರೆದರು.

"ನೋಡಪ್ಪ, ಗೀರು ಕೂಡೈತಾ? ನಂಗೆ ಕೂಡಿರಂಗೇ ಕಾಣ್ತದೆ."

ನನಗೆ ಅದರ ತಲೆಬುಡ ಗೊತ್ತಿಲ್ಲ. ಗಿಡ ಎಲ್ಲಿ ಎಂದು ಬೆಳಿಗ್ಗೆಯಿಂದ ಅಪಾರ್ಟ್‌ಮೆಂಟಿನವರ ಫೋನು ಬೇರೆ ಒಂದೇ ಸಮನೆ.

"ಕಣ್ಣು ಕಾಣಲ್ಲ ಅಂದ್ಮೇಲೆ ಯಾಕ್ ಒಪ್ಕೊಂಡ್ರಿ ಮಾವ? ನಿಮ್ಮನ್ನ ನಂಬಿ ನಾನ್ ಕೆಟ್ಟೆ."

ಅತ್ತೆಯ ಎದುರಿಗೇ ಅಂದೆ. ಮಾವ ಬಿಚ್ಚಿದ್ದನ್ನೆಲ್ಲ ಇದ್ದ ಹಾಗೇ ನಿಧಾನವಾಗಿ ಕಟ್ಟಿ, ಕೈ ಒರೆಸಿಕೊಂಡು, "ತಗೊಂಡೋಗಪ್ಪ. ಕಣ್ಣು ಚೆನ್ನಾಗಿರೋರತ್ರ ತೋರ್ಸು" ಎಂದರು.

ಮರುದಿನ ಗಾಡಿಯನ್ನು ಯಲಹಂಕದ ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಅಲ್ಲಿಯ ಮೆಕ್ಯಾನಿಕ್ ಮೊದಲು ಬಿಚ್ಚಿದ್ದೇ ಫಿಲ್ಟರಿನ ಡಬ್ಬಿ. ಅದನ್ನು ತೆರೆದಿಟ್ಟೇ ಕೀಲಿ ತಿರುಗಿಸಿದ, ಗಾಳಿ ಸಿಕ್ಕಿದ್ದೇ ಒಂದೇ ಸಲಕ್ಕೆ ಹತ್ತಿತು. ಆಮೇಲೆ ಕೊಳವೆಯೊಳಗೆ ತಂತಿ ತೂರಿಸಿ ಟವೆಲಿನ ತುಂಡನ್ನು ಎಳೆದು ತೆಗೆದ. ಎಂಜಿನ್ ಗಾಳಿ ಎಳೆದ ರಭಸಕ್ಕೆ ಅದು ಹೊರಗಿನಿಂದ ಕಾಣದಷ್ಟು ಒಳಗೆ ಸರಿದಿತ್ತು.

"ಇದೇನ್ ಸಾರ್ ಇದು, ಯಾರ್ ಇಟ್ಟಿದ್ದು?"

"ಗೊತ್ತಿಲ್ಲ" ಎಂದೆ.

"ಎಂಜಿನ್ ಯಾರ್ ಕಟ್ಟಿದ್ದು? ಏನ್ ಕೈ ಸಾರ್ ಅವ್ರದ್ದು! ನಾನ್ ಏನೂ ಮುಟ್ಟಲ್ಲ, ಹಿಂಗೇ ತಗೊಂಡ್ ಹೋಗಿ."

ಅವತ್ತೇ ಹೋಗಿ ಮಾವನ ಕಾಲು ಹಿಡಿಯಬೇಕಿತ್ತು. ಹೋಗಲಿಲ್ಲ. ಬಯ್ಯುವಾಗ ಇದ್ದ ಧೈರ್ಯ ತಪ್ಪೊಪ್ಪಿಕೊಳ್ಳುವಾಗ ಇರಲಿಲ್ಲ. ಎಂಜಿನ್ ಸದ್ದು ಅವರ ಕಿವಿಗೆ ಬಿದ್ದರೆ ಗೊತ್ತಾಗಿಬಿಡುತ್ತದೆ ಎಂದು ಅವರ ಬೀದಿ ಬಿಟ್ಟು ಸುತ್ತಿಕೊಂಡು ಓಡಾಡಿದೆ. ಹೀಗೆ ಮೂರು ವಾರ. ಆ ಟವೆಲು ಗಾಡಿಯ ಡ್ಯಾಶ್‌ಬೋರ್ಡಿನೊಳಗೇ ಇತ್ತು. ಕೊನೆಗೊಂದು ಬೆಳಿಗ್ಗೆ ತಡೆಯಲಾರದೆ ಹೋದೆ.

ಶೆಡ್ಡಿನ ಗೋಡೆಯಲ್ಲಿ ಬರೀ ಮೊಳೆಗಳಿದ್ದವು. ಸ್ಪ್ಯಾನರುಗಳೆಲ್ಲ ಗುಜರಿಗೆ ಹೋದವು ಎಂದು ಅತ್ತೆ ಹೇಳಿದರು. ಮಾವ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿ ಟವೆಲನ್ನು ಅವರ ಕೈಗಿಟ್ಟೆ. ಅವರು ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನಕ್ಕರು.

"ನಿಮ್ಮಪ್ಪನೂ ಇಂಗೇ ಕಣಪ್ಪ, ಯಾರೂ ನೊಂದ್ಕೋಬಾರ್ದು ಅನ್ನೋನು. ನನ್ ಸಮಾಧಾನಕ್ಕೆ ಸುಳ್ಳೇಳಾಕೆ ಬಂದಿದೀಯ."

"ದೇವ್ರಾಣೆ ಮಾವ."

"ಆಣೆ ಇಕ್ಬೇಡ. ನಿಜ ಆಗಿದ್ರೆ ನೀನು ಅವತ್ತೇ ಬತ್ತಿದ್ದೆ."

ತಮ್ಮ ಕಿವಿಯನ್ನಾದರೂ ನಂಬಲಿ ಎಂದು ಗಾಡಿಯನ್ನು ಶೆಡ್ಡಿನ ಮುಂದಕ್ಕೆ ತಂದು ಎಂಜಿನ್ ಓಡಲು ಬಿಟ್ಟೆ. ಮಾವ ತಲೆ ಒಂದು ಕಡೆ ವಾಲಿಸಿ, ಹಿಂದಿನ ಹಾಗೆಯೇ ಕೇಳಿದರು. ಅವರ ಮುಖ ಒಂದು ಗಳಿಗೆ ಅರಳಿತು.

"ಪಸಂದಾಗೈತೆ" ಎಂದರು. "ಯಲಹಂಕದೋನು ಚೆನ್ನಾಗಿ ಕಟ್ಟವ್ನೆ ಕಣಪ್ಪ. ಇನ್ಮೇಕೆ ಅವನತ್ರನೇ ಓಗು."